ಐಜಿಇ ಏರಿದ ವರ್ಷ

ಮೈಸೂರಿನಲ್ಲಿ ಇದ್ದಷ್ಟು ದಿನ ನನ್ನ ಹೆಂಡತಿಗೆ ಅಲರ್ಜಿ ಅಂದರೇನೆಂದು ಗೊತ್ತಿರಲಿಲ್ಲ. ಇಂಗ್ಲೆಂಡಿನಲ್ಲಿ ಕೆಲವು ಬೇಸಿಗೆ ಕಳೆದವು ನೋಡಿ, ಶುರುವಾಯಿತು. ಜೂನ್ ಬಂತೆಂದರೆ ಮೂಗು ಸೋರುತ್ತೆ, ಕಣ್ಣು ಉಜ್ಜಿ ಉಜ್ಜಿ ಊದಿಕೊಳ್ಳುತ್ತೆ. ಅಲ್ಲಿ ಟಿಮೊಥಿ ಹುಲ್ಲು ಹೂಬಿಡುವ ಕಾಲ ಅದು. ಮಾತ್ರೆ, ಸ್ಪ್ರೇ ಯಾವುದಕ್ಕೂ ಜಗ್ಗದಿದ್ದಾಗ ಡಾಕ್ಟರು ಅದೇ ಹುಲ್ಲಿನ ಪರಾಗದ ಸಾರವನ್ನು ಚಳಿಗಾಲದಿಂದಲೇ ಚುಚ್ಚತೊಡಗಿದರು. ಮೊದಲು ವಾರಕ್ಕೊಂದು, ತೀರಾ ಚೂರು. ಪ್ರಮಾಣ ಏರಿಸುತ್ತಾ ಹೋಗಿ ಆಮೇಲೆ ತಿಂಗಳಿಗೊಂದು. ಚುಚ್ಚಿಸಿಕೊಂಡವರು ಸ್ವಲ್ಪ ಹೊತ್ತು ಅಲ್ಲೇ ಕೂತಿರಬೇಕು. ಈ ಚಿಕಿತ್ಸೆಯಲ್ಲಿ ಜೀವ ಹೋದದ್ದೂ ಉಂಟು, 1986ರಲ್ಲಿ ಬ್ರಿಟನ್ ನಿಯಮ ಬಿಗಿ ಮಾಡಿದ್ದು ಅದಕ್ಕೇ.

ಉಪಾಯವೇನೂ ಹೊಸದಲ್ಲ. ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ಲಿಯೊನಾರ್ಡ್ ನೂನ್ ಎಂಬಾತ 1911ರಲ್ಲೇ ಇದನ್ನು ಪ್ರಕಟಿಸಿದ್ದ. ಎರಡು ವರ್ಷಕ್ಕೆ ಕ್ಷಯದಿಂದ ತೀರಿಕೊಂಡ, ಪಾಪ. ಕೆಲಸ ಮುಂದುವರಿಸಿದ್ದು ಗೆಳೆಯ ಫ್ರೀಮನ್.

ಆ ಯುಗಾದಿಗೆ ಊರಿಗೆ ಬಂದಿದ್ದೆವು. ಗುಣ ಎಷ್ಟಾಗಿದೆ ನೋಡೋಣವೆಂದು ಮಾವನವರೇ ಮಗಳನ್ನು ಲ್ಯಾಬಿಗೆ ಕರೆದುಕೊಂಡು ಹೋದರು. ಹುಲ್ಲಿನ ಪರಾಗಕ್ಕೆ ಇರುವ ಐಜಿಇ, ಅಂದರೆ ಅಲರ್ಜಿ ಎಬ್ಬಿಸುವ ಪ್ರತಿಕಾಯ, ಹಳೇ ರಿಪೋರ್ಟಿಗಿಂತ ಏರಿತ್ತು! ರಾತ್ರಿ ಊಟಕ್ಕೆ ಕೂತಾಗ ಅದೇ ಮಾತು.

“ಮೈಗೆ ಆಗದ್ದನ್ನೇ ಮೈಗೆ ಚುಚ್ಚಿಸ್ಕೊಂಡ್ರೆ ಇನ್ನೇನಾಗುತ್ತೆ ಮಗಾ? ನಿಲ್ಲಿಸಿಬಿಡು.”

“ರೀ, ನೀವಾದ್ರೂ ಏನಾದ್ರೂ ಹೇಳಿ” ಎಂದು ಅವಳು ನನ್ನ ಕಡೆ ತಿರುಗಿದಳು. ನಾನು ಹುಳಿ ಬಡಿಸಿಕೊಂಡೆ.

ವಾಪಸು ಹೋದ ಮೇಲೆ ರಿಪೋರ್ಟು ನೋಡಿದ ಡಾಕ್ಟರಿಗೆ ಆಶ್ಚರ್ಯವೇ ಆಗಲಿಲ್ಲ. ಮೊದಲ ತಿಂಗಳುಗಳಲ್ಲಿ ಐಜಿಇ ಏರುವುದೇ ವಾಡಿಕೆಯಂತೆ; ಇಳಿಯುವುದಕ್ಕೆ ವರ್ಷಗಳು ಬೇಕು. ಪರಾಗದ ಕಾಲದಲ್ಲಿ ಅದು ವರ್ಷವರ್ಷವೂ ಜಿಗಿಯುತ್ತಲ್ಲ, ಆ ಜಿಗಿತ ಮಾತ್ರ ಬೇಗ ತಗ್ಗುತ್ತೆ. ಲ್ಯಾಬಿನವರು ನೋಡದೆ ಬಿಟ್ಟದ್ದು ಐಜಿಜಿ-4 ಎಂಬ ಇನ್ನೊಂದು ಪ್ರತಿಕಾಯವನ್ನು. ಅದು ಹತ್ತು ಪಟ್ಟು, ಕೆಲವರಲ್ಲಿ ನೂರು ಪಟ್ಟು ಹೆಚ್ಚುತ್ತೆ. ಐಜಿಇ ಮಾಸ್ಟ್ ಕೋಶಗಳ ಮೇಲೆ ಕೂತು ಪರಾಗಕ್ಕಾಗಿ ಕಾಯುತ್ತಿರುತ್ತೆ. ಪರಾಗದ ಪ್ರೋಟೀನು ಸಿಕ್ಕಿತೋ, ಹಿಸ್ಟಮಿನ್ ಹೊರಗೆ, ಸೀನು ಶುರು. ಐಜಿಜಿ-4 ಅದಕ್ಕೂ ಮೊದಲೇ ಹೋಗಿ ಪ್ರೋಟೀನನ್ನು ಹಿಡಿದಿರುತ್ತೆ. ನಮ್ಮ ಕೆಂಪು ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ಹಾಗೆ. ಐಜಿಇ ಎಷ್ಟೇ ಇರಲಿ, ಜಾಗ ಸಿಗಬೇಕಲ್ಲ!

ನನಗೆ ಇದರಲ್ಲಿ ರುಚಿಸಿದ್ದು ಇತಿಹಾಸದ ತಿರುವು. ಚಿಕಿತ್ಸೆ ಪಡೆದವರ ರಕ್ತದಲ್ಲಿ ಹೀಗೆ ಅಡ್ಡಗಟ್ಟುವುದೇನೋ ಇದೆಯೆಂದು ಅಮೆರಿಕದ ಕುಕ್ 1935ರಲ್ಲೇ ತೋರಿಸಿದ್ದ. ಐಜಿಇಯನ್ನು ಇಶಿಝಾಕಾ ದಂಪತಿ ಡೆನ್ವರಿನಲ್ಲಿ ಪತ್ತೆ ಮಾಡಿದ್ದು 1966ರಲ್ಲಿ. ಕಳ್ಳನ ಹೆಸರು ಗೊತ್ತಾಗುವ ಮೂವತ್ತು ವರ್ಷ ಮೊದಲೇ ಕಾವಲುಗಾರ ಸಿಕ್ಕಿದ್ದ.

ಆ ಜೂನ್‌ನಲ್ಲಿ ಅವಳು ಕಿಟಕಿ ತೆರೆದು ಮಲಗಿದಳು. ಮಾತ್ರೆ ಪೂರ್ತಿ ತಪ್ಪಲಿಲ್ಲ, ಗಾಳಿಯ ದಿನಗಳಲ್ಲಿ ಬೇಕಾಗುತ್ತಿತ್ತು. ಕೋರ್ಸು ಮುಗಿದ ಮೇಲೆ ಐಜಿಜಿ-4 ಕೂಡ ಇಳಿಯುತ್ತೆ, ಆದರೂ ಅದರ ಅಡ್ಡಗಟ್ಟುವ ಬಲ ಬಹುಪಾಲು ಉಳಿಯುತ್ತೆ ಎಂದಿದ್ದರು ಡಾಕ್ಟರು. ಮೂರು-ನಾಲ್ಕು ವರ್ಷ ಇಂಜೆಕ್ಷನ್ ಪಡೆದವರಿಗೆ ನಿಲ್ಲಿಸಿ ಮೂರು ವರ್ಷವಾದರೂ ಉಪಶಮನ ಉಳಿದಿತ್ತೆಂದು ಲಂಡನ್ನಿನ ಡರಮ್ ಮತ್ತು ಸಂಗಡಿಗರು 1999ರಲ್ಲಿ ತೋರಿಸಿದ್ದಾರೆ. ನಿಮ್ಮಲ್ಲಿ ಯಾರಾದರೂ ಈ ಚಿಕಿತ್ಸೆಯಲ್ಲಿದ್ದರೆ, ಮೊದಲ ವರ್ಷದ ಐಜಿಇ ನೋಡಿ ಬಿಟ್ಟುಬಿಡಬೇಡಿ, ಡಾಕ್ಟರನ್ನು ಕೇಳಿ.