ಗಾಲಿಯ ಲೆಕ್ಕ

ಸಕಲೇಶಪುರದ ಬಳಿ ಕಾಫಿ ತೋಟ ನೋಡಿಕೊಳ್ಳುವ ನನ್ನ ಸೋದರಳಿಯ, "ವಿದ್ಯುತ್ ಕಾರು ಕೊಂಡರೆ ದೊಡ್ಡ ಟಯರು ಹಾಕಿಸಲೇ, ಮಾವ?" ಎಂದು ಕೇಳಿದ. ನನ್ನ ತಂಗಿಯನ್ನು ಅವನು ವಾರಕ್ಕೆ ಮೂರು ಬಾರಿ ಡಯಾಲಿಸಿಸ್‌ಗೆ ಹಾಸನಕ್ಕೆ ಕರೆದೊಯ್ಯಬೇಕು. ತೋಟದಿಂದ ಎರಡು ಕಿಲೋಮೀಟರ್ ಕೆಸರು, ಆಮೇಲೆ ಸುಮಾರು ನಲವತ್ತು ಕಿಲೋಮೀಟರ್ ಡಾಂಬರು. ಮಳೆಗಾಲದಲ್ಲಿ ಕರೆಂಟು ಹೋದರೆ ದಿನಗಟ್ಟಲೆ ಬಾರದು. ಒಂದೇ ಚಾರ್ಜಿನಲ್ಲಿ ವಾರ ಕಳೆಯಬೇಕಾದೀತು.

ಅವನ ಕಣ್ಣು ಟಾಟಾ ಹ್ಯಾರಿಯರ್ ವಿದ್ಯುತ್ ಕಾರಿನ ಮೇಲೆ. 2025ರಲ್ಲಿ ಅದು ಬಂದಾಗ, 75 ಯೂನಿಟ್ ಬ್ಯಾಟರಿಯ ಮೇಲ್ದರ್ಜೆಯ ಮಾದರಿಗೆ ಷೋರೂಮ್ ಬೆಲೆ 27.49 ಲಕ್ಷ, ನಾಲ್ಕೂ ಚಕ್ರಗಳಿಗೆ ಮೋಟಾರಿನ ಬಲವಿರುವುದಕ್ಕೆ 28.99 ಲಕ್ಷ. ಪರೀಕ್ಷೆಯಲ್ಲಿ ಮೊದಲನೆಯದು 627 ಕಿ.ಮೀ., ಎರಡನೆಯದು 622. ನಿಜವಾದ ರಸ್ತೆಯಲ್ಲಿ ಎರಡೂ ಕಡಿಮೆಯೇ. ಆದರೂ ಒಂದೂವರೆ ಲಕ್ಷಕ್ಕೆ ಕೆಸರಿನಲ್ಲಿ ಹಿಡಿತ ದೊರೆತು, ನಷ್ಟವಾಗುವುದು ಐದೇ ಕಿಲೋಮೀಟರ್.

ಹಲ್ಲು ಹಲ್ಲಾದ ದಪ್ಪ ಟಯರು ಹಾಗಲ್ಲ. ಅದರ ತೂಕ, ಘರ್ಷಣೆಗಳು ಡಾಂಬರಿನ ಮೇಲೂ ಬ್ಯಾಟರಿಯನ್ನು ತಿನ್ನುತ್ತವೆ. ವ್ಯಾಸ ಶೇ. 5 ಹೆಚ್ಚಿದರೆ ಪರಿಧಿಯೂ ಅಷ್ಟೇ ಹೆಚ್ಚುತ್ತದೆ; ಮೀಟರು 100 ತೋರಿಸುವಾಗ ಗಾಡಿ 105 ಓಡಿರುತ್ತದೆ. ನನ್ನ ವಿದ್ಯಾರ್ಥಿಗಳಿಗೆ ಈ ಪಾಠ ನೆನಪಿರಬಹುದು!

"ನಾಲ್ಕು ಚಕ್ರದ್ದನ್ನೇ ಕೊಳ್ಳಪ್ಪ, ಟಯರು ಇದ್ದಂತೆಯೇ ಇರಲಿ. ಉಳಿದ ದುಡ್ಡಿನಲ್ಲಿ ತೋಟದ ದಾರಿಗೆ ಕಲ್ಲು ಹಾಸಿಸು" ಎಂದೆ. ಎರಡು ಕಿಲೋಮೀಟರಿನ ಕೆಸರಿಗಾಗಿ ನಲವತ್ತು ಕಿಲೋಮೀಟರ್ ದಂಡ ತೆರುವುದು ತರವಲ್ಲ.