ಡೈನಮೋ ಎಷ್ಟು ಆಂಪ್ ಕೊಡುತ್ತೆ, ಮೊದಲು ಅದು ಕೇಳಿ ತಮ್ಮಂದಿರೇ



ಸ್ವಲ್ಪ ಉದ್ದದ ಪೋಸ್ಟ್ ಇದು. ಏಪ್ರಿಲ್ 14ಕ್ಕೆ ಗಾಡಿ ಮೇಲೆ ಸೌಂಡ್ ಕಟ್ಟೋ ನಮ್ಮ ಮಾಯಸಂದ್ರ ಹೋಬಳಿ ಹುಡುಗರು, ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿ ಕಡೆಯ ಹುಡುಗರು ದಯವಿಟ್ಟು ಪೂರ್ತಿ ಓದಿ. ಇದರಲ್ಲಿ ಭಾಷಣ ಕಮ್ಮಿ, ಲೆಕ್ಕ ಜಾಸ್ತಿ.

ನಾವು ಯಾಕೆ ಸ್ವಂತ ಸೌಂಡ್ ಕಟ್ಟಿಕೊಂಡ್ವಿ ಅನ್ನೋದು ಹೊರಗಿನವರಿಗೆ ಗೊತ್ತಿರಲ್ಲ. ಜಾತ್ರೆಗೆ, ಗಣಪತಿಗೆ, ಮದುವೆಗೆ ಸಿಗೋ ಸೆಟ್ಟು ಬಾಬಾಸಾಹೇಬರ ಜಯಂತಿಗೆ ಕೇಳಿದ್ರೆ "ಅವತ್ತು ಬುಕ್ ಆಗೈತೆ ಕಣಪ್ಪ" ಅನ್ನೋ ಉತ್ತರ. ಒಂದು ವರ್ಷ ಆದ್ರೆ ಸರಿ, ಮೂರು ವರ್ಷವೂ ಅದೇ ಉತ್ತರ. ಕೊನೆಗೆ ಹುಡುಗರು ಕಾಯಿ ಸುಲಿದ ಕೂಲಿ ದುಡ್ಡು ಕೂಡಿಟ್ಟು ಎರಡು ಆಂಪ್ಲಿಫೈಯರ್, ನಾಲ್ಕು ಬಾಕ್ಸ್ ತಂದರು. ವರ್ಷವೆಲ್ಲ ತೆಂಗಿನಕಾಯಿ ಹೊರೋ ಪಿಕಪ್ ಗಾಡಿಗೇ ಅದನ್ನ ಕಟ್ಟಿದರು. ಆ ಬಾಕ್ಸ್‌ಗಳಲ್ಲಿ ಎಷ್ಟು ಬೆವರಿದೆ ಅಂತ ಗೊತ್ತಿರೋದಕ್ಕೇ ಇದನ್ನ ಬರೀತಿದ್ದೀನಿ.

"ತಮಟೆ ಇಲ್ವಾ ನಿಮ್ಮತ್ರ, ಡಿಜೆ ಯಾಕೆ?" ಅಂತ ಕೆಲವರು ಕೇಳ್ತಾರೆ. ತಮಟೆಗೆ ಬ್ಯಾಟರಿ ಬೇಡ, ಬೆಂಕಿಗೆ ಹಿಡಿದು ಕಾಯಿಸಿದ್ರೆ ಸಾಕು, ನಿಜ. ಆದರೆ ನಮ್ಮ ತಾತಂದಿರು ಊರಿನ ಹೆಣಕ್ಕೆ, ಊರಿನ ಹಬ್ಬಕ್ಕೆ ಕರೆದಾಗಲೆಲ್ಲ ಬಡೀಲೇಬೇಕಿತ್ತು. ಕೂಲಿ ಕೊಟ್ರೆ ಉಂಟು, ಇಲ್ಲಾಂದ್ರೆ ಇಲ್ಲ. ಎಪ್ಪತ್ತರ ದಶಕದಲ್ಲಿ ಬಿ. ಕೃಷ್ಣಪ್ಪನವರು, ದೇವನೂರ ಮಹಾದೇವ, ಸಿದ್ಧಲಿಂಗಯ್ಯ ಇವರೆಲ್ಲ ಇದ್ದ ದಲಿತ ಚಳವಳಿ ಅದೇ ತಮಟೆಯನ್ನ ಹೋರಾಟದ ವಾದ್ಯ ಮಾಡಿತು. ನನಗೆ ಅದು ಹೆಮ್ಮೆ. ಆದ್ರೆ ನಮ್ಮ ಬೀದಿಯ ಹುಡುಗನೊಬ್ಬ "ಅಣ್ಣ, ನಮ್ಮ ತಾತನ ಕೈಲಿ ಬಡಿಸಿದ್ದು ಸಾಕು, ನಾನು ಮುಟ್ಟಲ್ಲ" ಅಂದಾಗ ಅವನಿಗೆ ಎದುರು ಹೇಳೋಕೆ ನನ್ನತ್ರ ಏನೂ ಇರಲಿಲ್ಲ. ಇಬ್ಬರದೂ ನ್ಯಾಯವೇ.

ಈಗ ವಿಷಯಕ್ಕೆ ಬರ್ತೀನಿ. ಮೆರವಣಿಗೆ ನಮ್ಮ ಕಾಲೋನಿಯಿಂದ ಹೊರಡುತ್ತೆ. ಸುಮಾರು ಒಂದು ಗಂಟೆ ಆಗೋ ಹೊತ್ತಿಗೆ ಮೇಲಿನ ಬೀದಿ, ಅರಳಿಕಟ್ಟೆ. ಅಲ್ಲಿ ಡಿಗ್ರಿ ಓದೋ ನಮ್ಮ ಹುಡುಗಿ ಸಂವಿಧಾನದ ಪೀಠಿಕೆ ಓದಬೇಕು ಅಂತ ತೀರ್ಮಾನ ಆಗಿತ್ತು. ಸರಿಯಾಗಿ ಅಲ್ಲಿಗೆ ಬಂದಾಗ ಸೌಂಡ್ ಗೊರಗೊರ ಅಂತು, ಸಣ್ಣಗಾಯ್ತು, ನಿಂತೇಹೋಯ್ತು. ಹಿಂದಿನ ವರ್ಷವೂ ಅದೇ ಜಾಗದಲ್ಲೇ ನಿಂತಿತ್ತು. ಜಗಲಿ ಮೇಲೆ ಕೂತಿದ್ದವರು ನಕ್ಕರು. "ಯಾರೋ ವೈರ್ ಕಿತ್ತವ್ರೆ ಕಣ್ರಲಾ" ಅಂತ ಒಬ್ಬ ಕೂಗಿದ. ಇಪ್ಪತ್ತು ಹುಡುಗರು ತಿರುಗಿ ನಿಂತರು. ಆ ಕಡೆಯವರೂ ಎದ್ದು ನಿಂತರು. ಇನ್ನೊಂದು ಮಾತು ಆಗಿದ್ರೆ ಕಲ್ಲು, ಆಮೇಲೆ ಸ್ಟೇಷನ್, ಕೇಸು, ಕೌಂಟರ್ ಕೇಸು. ನಮ್ಮ ಹುಡುಗರ ಹತ್ತು ವರ್ಷ ಕೋರ್ಟಿಗೆ ಅಲೆಯೋದರಲ್ಲೇ ಹೋಗ್ತಿತ್ತು.

ನಮ್ಮಲ್ಲೇ ಒಬ್ಬರು ವೈರಿಂಗ್ ಕೆಲಸದ ಹಿರಿಯರಿದ್ದಾರೆ. ಅವರು ಯಾರತ್ರವೂ ಮಾತಾಡದೆ ಬಾನೆಟ್ ಎತ್ತಿ ಬ್ಯಾಟರಿಗೆ ಮೀಟರ್ ಹಿಡಿದರು. 10.8 ವೋಲ್ಟ್. "ವೈರ್ ಯಾರೂ ಕಿತ್ತಿಲ್ಲ. ಬ್ಯಾಟರಿ ಬತ್ತೋಗೈತೆ" ಅಂದರು. ಇಂಜಿನ್ ಆಫ್ ಮಾಡಿದ ಮೇಲೆ ಸ್ಟಾರ್ಟೂ ಆಗಲಿಲ್ಲ, ತಳ್ಳಿಕೊಂಡು ಬಂದ್ವಿ. ಹುಡುಗಿ ಮೈಕ್ ಇಲ್ಲದೆಯೇ ಪೀಠಿಕೆ ಓದಿದಳು. ಮುಂದಿದ್ದ ಎರಡು ಸಾಲಿನವರಿಗೆ ಮಾತ್ರ ಕೇಳಿಸ್ತು.

ಎರಡು ವರ್ಷವೂ ಒಂದೇ ಜಾಗದಲ್ಲಿ ನಿಂತಿದ್ದು ಯಾಕೆ? ಲೆಕ್ಕ ನೋಡಿ.

ನಾವು ಡೈನಮೋ ಅನ್ನೋದು ಆಲ್ಟರ್ನೇಟರನ್ನ. ಆ ಗಾಡಿ ಜೊತೆ ಬಂದಿದ್ದರ ಮೇಲೆ 12 ವೋಲ್ಟ್, 75 ಆಂಪ್ ಅಂತಿತ್ತು. ಅದು ಇಂಜಿನ್ ಜೋರಾಗಿ ಓಡುವಾಗಿನ ಲೆಕ್ಕ. ಮೆರವಣಿಗೆಯಲ್ಲಿ ಗಾಡಿ ಆಮೆ ಥರ ಹೋಗುತ್ತೆ, ಇಂಜಿನ್ ಐಡಲ್‌ನಲ್ಲೇ ಇರುತ್ತೆ. ಆಗ ಸಿಗೋದು ಹೆಚ್ಚುಕಮ್ಮಿ ಅರ್ಧ, ಅಂದ್ರೆ 35-40 ಆಂಪ್. ಹೆಡ್‌ಲೈಟು, ಗಾಡಿಯ ಸ್ವಂತ ಖರ್ಚು 15-20 ಆಂಪ್ ಕಳೀರಿ. ಸೌಂಡಿಗೆ ಉಳಿಯೋದು 20 ಆಂಪ್, ಸುಮಾರು 270 ವ್ಯಾಟ್.

ಈ ಕಡೆ ಆಂಪ್ಲಿಫೈಯರ್ ನಿಜವಾಗಿ 1000 ವ್ಯಾಟ್ ಕೊಡಬೇಕಾದ್ರೆ ಅದು ಬ್ಯಾಟರಿಯಿಂದ ಇನ್ನೂ ಜಾಸ್ತಿ ಎಳೆಯುತ್ತೆ. ಹಳೇ ಎಬಿ ಕ್ಲಾಸ್ ಆದ್ರೆ ಅರ್ಧದಷ್ಟು ಬರೀ ಶಾಖವಾಗಿ ಹೋಗುತ್ತೆ. ಪೂರ್ತಿ ಜೋರಿನಲ್ಲಿ 150 ಆಂಪ್ ಹತ್ತಿರ ಬೇಕು. ಡಿ ಕ್ಲಾಸ್ ಆದ್ರೆ 90ರ ಸುತ್ತ. ಹಾಡು ಯಾವಾಗಲೂ ಪೂರ್ತಿ ಜೋರಲ್ಲಿ ಇರಲ್ಲ, ಸರಾಸರಿ ಮೂರನೇ ಒಂದು ಭಾಗ ಅಂತ ಹಿಡಿದ್ರೂ ನಮ್ಮ ಎಬಿ ಕ್ಲಾಸ್ ಸೆಟ್ಟಿಗೆ 50 ಆಂಪ್. ಬರೋದು 20, ಹೋಗೋದು 50. ಬಾಕಿ 30 ಆಂಪ್ ಪ್ರತಿ ನಿಮಿಷ ಬ್ಯಾಟರಿಯಿಂದ ಸೋರ್ತಾ ಇರುತ್ತೆ. 75 ಆಂಪ್-ಅವರ್ ಬ್ಯಾಟರಿಯಲ್ಲಿ ಅರ್ಧ ಖಾಲಿ ಆಗೋ ಹೊತ್ತಿಗೇ ವೋಲ್ಟೇಜ್ ಕುಸಿಯೋಕೆ ಶುರು. ಅಂದ್ರೆ ಒಂದು ಗಂಟೆ, ಒಂದೂಕಾಲು ಗಂಟೆ. ಕಾಲೋನಿಯಿಂದ ಅರಳಿಕಟ್ಟೆಗೆ ಹಿಡಿಯೋ ಸಮಯ ಅಷ್ಟೇ!

ನಮ್ಮನ್ನ ಯಾರೂ ತಡೆದಿಲ್ಲ ಅಂತ ನಾನು ಹೇಳ್ತಿಲ್ಲ. ಸೆಟ್ಟು ಕೊಡದೆ ಇದ್ದದ್ದು ತಡೆಯೋದೇ. ಆದ್ರೆ ಅವತ್ತು ಸಂಜೆ ನಮ್ಮನ್ನ ನಿಲ್ಲಿಸಿದ್ದು ಈ 30 ಆಂಪ್. ಯಾವುದು ಜಾತಿ, ಯಾವುದು ಆಂಪ್ ಅಂತ ಬೇರೆ ಮಾಡಿ ನೋಡೋಕೆ ಕಲಿತ್ರೆ ಜಗಳ ಎಲ್ಲಿ ಮಾಡಬೇಕೋ ಅಲ್ಲಿ ಮಾಡಬಹುದು.

ಈಗ ಪರಿಹಾರ. ಆ ಹಿರಿಯರ ಜೊತೆ ಕೂತು ಬರೆದಿದ್ದು.

ಒಂದು, ಬಾಕ್ಸ್ ಮೇಲೆ 3000 ವ್ಯಾಟ್ ಅಂತ ಬಂಗಾರದ ಬಣ್ಣದಲ್ಲಿ ಬರೆದಿರೋದನ್ನ ನಂಬಬೇಡಿ. ಆರ್‌ಎಂಎಸ್ ವ್ಯಾಟ್ ಎಷ್ಟು ಅಂತ ಕೇಳಿ. ಜೊತೆಗೆ ಸ್ಪೀಕರ್‌ನ ಸೆನ್ಸಿಟಿವಿಟಿ ಕೇಳಿ. ವ್ಯಾಟ್ ಎರಡರಷ್ಟು ಮಾಡಿದ್ರೆ ಏರೋದು 3 ಡೆಸಿಬಲ್ ಮಾತ್ರ. ಕಾರಿನ ಸ್ಪೀಕರ್ 88 ಡೆಸಿಬಲ್, ಬಯಲಿಗೆ ಮಾಡಿದ ಸ್ಪೀಕರ್ 98 ಇದ್ರೆ, ಎರಡನೆಯದಕ್ಕೆ 100 ವ್ಯಾಟ್ ಕೊಟ್ರೆ ಸಾಕು, ಮೊದಲನೆಯದಕ್ಕೆ 1000 ಕೊಟ್ಟಷ್ಟೇ ಸದ್ದು. ಕಾರಿನ ಸ್ಪೀಕರ್ ಮುಚ್ಚಿದ ಕಾರಿನೊಳಗೆ ಗುಮ್ಮುತ್ತೆ, ಬೀದಿಯಲ್ಲಿ ಆ ಬೇಸ್ ಗಾಳಿಗೆ ಹೋಗುತ್ತೆ.

ಎರಡು, ಸೌಂಡಿಗೆ ಬೇರೆ ಬ್ಯಾಟರಿ ಇಡಿ. ಮಧ್ಯೆ ಐಸೋಲೇಟರ್ ಹಾಕಿಸಿ, ಗಾಡಿ ಸ್ಟಾರ್ಟ್ ಮಾಡೋ ಬ್ಯಾಟರಿ ಉಳಿಯುತ್ತೆ. ಕೆಪಾಸಿಟರ್ ಹಾಕಿದ್ರೆ ಸರಿಹೋಗುತ್ತೆ ಅನ್ನೋರ ಮಾತು ಕೇಳಬೇಡಿ. ಅದು ಒಂದು ಏಟಿನ ಬೇಸಿಗೆ ಆಸರೆ, ಒಂದು ಗಂಟೆಗಲ್ಲ.

ಮೂರು, ಡೈನಮೋದಿಂದ ಬ್ಯಾಟರಿಗೆ, ಬ್ಯಾಟರಿಯಿಂದ ಬಾಡಿಗೆ, ಇಂಜಿನ್‌ನಿಂದ ಬಾಡಿಗೆ ದಪ್ಪ ತಾಮ್ರದ ಕೇಬಲ್ ಎಳೆಸಿ. ಆಂಪ್ಲಿಫೈಯರ್ ವೈರಿಗೆ ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಇರಲೇಬೇಕು. ಫ್ಯೂಸ್ ಇಲ್ಲದ ಗಾಡಿ ಮೇಲೆ ಮಕ್ಕಳನ್ನ ಕೂರಿಸಬೇಡಿ. ವೈರ್ ಎಲ್ಲಾದ್ರೂ ಬಾಡಿಗೆ ತಗುಲಿದ್ರೆ ಬೆಂಕಿ.

ನಾಲ್ಕು, ನಿಂತಾಗ ಇಂಜಿನ್ ಐಡಲ್ ಸ್ವಲ್ಪ ಏರಿಸಿ. ಡೀಸೆಲ್ ಖರ್ಚಾಗುತ್ತೆ, ಆದ್ರೆ ಡೈನಮೋ ಕೆಲಸ ಮಾಡುತ್ತೆ, ಅದರ ಫ್ಯಾನೂ ಜೋರಾಗಿ ತಿರುಗಿ ತಣ್ಣಗಿರುತ್ತೆ. ಸೌಂಡ್ ಗೊರಗೊರ ಅಂದ ತಕ್ಷಣ ವಾಲ್ಯೂಮ್ ಇಳಿಸಿ. ವೋಲ್ಟೇಜ್ ಇಲ್ಲದಾಗ ಜೋರು ಮಾಡಿದ್ರೆ ಮೊದಲು ಸುಡೋದು ಟ್ವೀಟರ್.

ಐದು, ಮೈಕಿಗೂ ಹಾರನ್‌ಗೂ ಬೇರೇನೇ ಒಂದು ಸಣ್ಣ ಆಂಪ್ಲಿಫೈಯರ್, ಬೇರೇನೇ ಒಂದು ಬ್ಯಾಟರಿ. ಮಾತಿಗೆ ಸಾವಿರ ವ್ಯಾಟ್ ಬೇಡ. 30-40 ವ್ಯಾಟಿನ ಹಾರನ್ ಸಾಕು, ಇಡೀ ಬೀದಿಗೆ ಕೇಳುತ್ತೆ. ಹಾಡು ನಿಂತ್ರೂ ಮಾತು ನಿಲ್ಲಬಾರದು.

ಇನ್ನು ಕಾನೂನು. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಹಾಕುವಂತಿಲ್ಲ. ಆಸ್ಪತ್ರೆ, ಶಾಲೆ, ಕೋರ್ಟ್ ಸುತ್ತ 100 ಮೀಟರ್ ಜಾಗವನ್ನ ನಿಶ್ಶಬ್ದ ವಲಯ ಅಂತ ಘೋಷಿಸಬಹುದು. ಗಣಪತಿಗೂ ಇದೇ, ನಮಗೂ ಇದೇ. ಅರ್ಜಿ ಕೊಟ್ಟು ಸ್ವೀಕೃತಿ ಇಟ್ಕೊಳಿ. ಬಾಕ್ಸ್ ಮುಂದೆ ತಾಯಂದಿರು ಎಳೆಕೂಸು ಎತ್ತಿಕೊಂಡು ನಿಂತಿರ್ತಾರೆ, ಅವರನ್ನ ದೂರ ಕರ್ಕೊಂಡು ಹೋಗಿ. ಕೆಟ್ಟ ಕಿವಿ ವಾಪಸ್ ಬರಲ್ಲ.

ಬಾಬಾಸಾಹೇಬರು 1920ರ ಜನವರಿ 31ರಂದು ಶುರುಮಾಡಿದ ಪತ್ರಿಕೆಗೆ 'ಮೂಕನಾಯಕ' ಅಂತ ಹೆಸರಿಟ್ಟರು. ಮಾತಾಡೋಕೆ ಬಿಡದೆ ಮೂಕರಾಗಿಸಿದ್ದ ಜನರ ಪತ್ರಿಕೆ ಅದು. ಆ ಜನರ ಮೊಮ್ಮಗಳು ಅರಳಿಕಟ್ಟೆ ಮುಂದೆ ಪೀಠಿಕೆ ಓದೋಕೆ ನಿಂತಾಗ ಹಿಂದಿನ ಸಾಲಿನ ಅವ್ವಂದಿರಿಗೆ, ಜಗಲಿ ಮೇಲೆ ಕೂತು ನಗೋರಿಗೆ, ಬಾಗಿಲ ಹಿಂದೆ ನಿಂತು ಕೇಳೋ ಅವರ ಮನೆ ಹೆಣ್ಣುಮಕ್ಕಳಿಗೂ ಒಂದೊಂದು ಪದ ಕೇಳಬೇಕು. ಕುಣಿಯೋರು ಕುಣೀರಿ, ಬೇಡ ಅನ್ನಲ್ಲ. ಆ ಐದು ನಿಮಿಷಕ್ಕೆ ಕರೆಂಟ್ ಉಳಿಸಿಡಿ.

ಮುಂದಿನ ಜಯಂತಿಗೆ ಸೌಂಡ್ ಕಟ್ಟೋರು ಒಂದು ವಾರ ಮುಂಚೆ ಗಾಡಿ ತನ್ನಿ. ಆ ಹಿರಿಯರು ಮೀಟರ್ ಹಿಡಿದು ನೋಡಿಕೊಡ್ತಾರೆ, ದುಡ್ಡು ತಗೊಳ್ಳಲ್ಲ. ಕೇಬಲ್ ಮಾತ್ರ ನೀವೇ ತರಬೇಕು.

ಜೈ ಭೀಮ್.