ನಮ್ಮ ತೋಟದ ಕಡಂಗ

ಪುಣೆಗೆ ಬಂದು ಹದಿನೆಂಟು ವರ್ಷವಾಯಿತು. ಶನಿವಾರ ಬಂತೆಂದರೆ ಇಲ್ಲಿಯ ಸಹೋದ್ಯೋಗಿಗಳಿಗೆ ಕೋಟೆ ಹತ್ತುವ ಹುಚ್ಚು. ಸಿಂಹಗಡದ ಮೇಲೆ ಕೂತು ಪಿಠಲ-ಭಾಕ್ರಿ ತಿನ್ನುತ್ತಾ, 1670ರಲ್ಲಿ ತಾನಾಜಿ ಬಿದ್ದದ್ದನ್ನು ಮೊನ್ನೆ ನಡೆದಂತೆ ಹೇಳುತ್ತಾರೆ. "ನಿಮ್ಮ ಕೊಡಗಿನಲ್ಲಿ ಇಂಥದ್ದಿಲ್ಲವೇ?" ಎಂದು ಕೇಳಿದರೆ ಮಡಿಕೇರಿ ಕೋಟೆಯ ಹೆಸರು ಹೇಳಿ ಸುಮ್ಮನಾಗುತ್ತಿದ್ದೆ. ನಮ್ಮ ತೋಟದ ಕಡಂಗ ನೆನಪೇ ಆಗುತ್ತಿರಲಿಲ್ಲ.

ನೆನಪಾದದ್ದು ಕಳೆದ ಡಿಸೆಂಬರಿನಲ್ಲಿ, ಅಣ್ಣ ಫೋನ್ ಮಾಡಿದಾಗ.

"ಕಡಂಗ ಮಟ್ಟ ಮಾಡಿಸಿ ಕಣ ದೊಡ್ಡದು ಮಾಡೋಣ ಅಂತಿದೀನಿ. ಸೋಮವಾರ ಜೆಸಿಬಿ ಬರುತ್ತೆ. ನಿಂದೂ ಪಾಲಿದೆಯಲ್ಲ, ಒಂದು ಮಾತು ಕೇಳಿದೆ."

ವಿರಾಜಪೇಟೆ ಕಡೆಯವರಿಗೆ ಕಡಂಗ ಎಂದರೇನೆಂದು ವಿವರಿಸಬೇಕಿಲ್ಲ. ಆ ಹೆಸರಿನ ಊರೇ ಇದೆ. ಉಳಿದವರಿಗೆ ಹೇಳುವುದಾದರೆ, ಅದು ಯುದ್ಧದ ಅಗಳು. ಅಗೆದ ಮಣ್ಣನ್ನೇ ಪಕ್ಕದಲ್ಲಿ ಏರಿಯಾಗಿ ಪೇರಿಸುತ್ತಿದ್ದರು. ಕಲ್ಲಿಲ್ಲ, ಗಾರೆಯಿಲ್ಲ, ಬಾಗಿಲಿಲ್ಲ. ಬ್ರಿಟಿಷರ ಕಾಲದ ದಾಖಲೆಗಳ ಪ್ರಕಾರ ಏರಿಯ ಎತ್ತರ 15ರಿಂದ 25 ಅಡಿ, ಅಗಳಿನ ಆಳ 10 ಅಡಿ, ಅಗಲ 8ರಿಂದ 10 ಅಡಿ. ಗುಡ್ಡ, ಕಾಡು, ಬಯಲು ದಾಟಿ ಕೊಡಗಿನಲ್ಲಿ ಹರಿದಿರುವ ಇವುಗಳ ಒಟ್ಟು ಉದ್ದ 500ರಿಂದ 600 ಮೈಲಿ. ಹೆಚ್ಚುಕಡಿಮೆ ಪುಣೆಯಿಂದ ಬೆಂಗಳೂರಿಗಿರುವ ದೂರ! 9 ಮತ್ತು 10ನೇ ಶತಮಾನದ ಶಾಸನಗಳಲ್ಲೇ ಕಡಂಗದ ಮಾತು ಬರುತ್ತದೆ. ಮೊದಲು ಅಗೆದವರು ಯಾರು, ಯಾರ ಭಯಕ್ಕೆ ಅಗೆದರು ಎಂದು ಹೇಳುವವರಿಲ್ಲ. ಅಪ್ಪನನ್ನು ಕೇಳಿದರೆ "ರಾಜರ ಕಾಲದ್ದು" ಅನ್ನುತ್ತಿದ್ದರು. ಯಾವ ರಾಜ ಎಂದು ನಾವೂ ಕೇಳಲಿಲ್ಲ. ಅಡಿಕೆ ಹಾಳೆಯ ಮೇಲೆ ಕೂತು ಆ ಏರಿಯಿಂದ ಜಾರುವುದಷ್ಟೇ ನಮಗೆ ಬೇಕಿದ್ದದ್ದು.

ರಜೆ ಹಾಕಿ ಊರಿಗೆ ಹೋದೆ. ಅಣ್ಣನ ಜೊತೆ ಕಡಂಗದ ಮೇಲೆ ನಡೆಯುತ್ತಾ ಶಾಸನದ ವಿಷಯ ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡ.

"ನೀನು ಪುಣೆಯಲ್ಲಿ ಕೂತು ಚರಿತ್ರೆ ಹೇಳ್ತೀಯ. ಅಕಾಲ ಮಳೆ ಬಂದಾಗ ರಾತ್ರಿ ಎದ್ದು ಕಾಫಿಗೆ ಟಾರ್ಪಾಲು ಎಳೆಯೋನು ನಾನು."

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಆಫೀಸಿನಲ್ಲಿ ಯಾರೋ ಎಂದೋ ಬರೆದ ಹಳೆಯ ಕೋಡ್ ಸಿಕ್ಕರೆ, ಅದು ಏನು ಮಾಡುತ್ತದೆಂದು ತಿಳಿಯುವವರೆಗೆ ಅಳಿಸಬೇಡಿ ಎಂದು ಹುಡುಗರಿಗೆ ಹೇಳುತ್ತೇನೆ. ಅದೇ ಮಾತನ್ನು ಅಣ್ಣನಿಗೆ ಬೇರೆ ಥರ ಕೇಳಿದೆ: "ಮಳೆಗಾಲದಲ್ಲಿ ಮೇಲಿನ ನೀರು ಎಲ್ಲಿಗೆ ಹೋಗುತ್ತೆ?"

"ಅಗಳಿಗೆ ಇಳಿದು ತೋಡಿಗೆ ಹೋಗುತ್ತೆ," ಅಂದವನು ಅಲ್ಲೇ ನಿಂತ. 2018ರಲ್ಲಿ ಮಡಿಕೇರಿ ಕಡೆ, 2019ರಲ್ಲಿ ನಮ್ಮ ತಾಲ್ಲೂಕಿನ ತೋರದಲ್ಲಿ ಗುಡ್ಡ ಕುಸಿದದ್ದನ್ನು ಇಬ್ಬರೂ ಮರೆತಿರಲಿಲ್ಲ. ನಮ್ಮ ಇಳಿಜಾರನ್ನು ಕಡಂಗವೇ ಕಾಯ್ದಿತು ಎನ್ನಲು ನಾನು ಸಿವಿಲ್ ಎಂಜಿನಿಯರ್ ಅಲ್ಲ. ಆದರೆ ಅದನ್ನು ಮುಚ್ಚಿದರೆ ನೀರು ಬೇರೆ ದಾರಿ ಹುಡುಕುತ್ತದೆ ಎನ್ನಲು ಎಂಟೆಕ್ ಬೇಕಿರಲಿಲ್ಲ.

"ಹಾಗಾದರೆ ಕಣ ಎಲ್ಲಿ ಮಾಡಲಿ?"

ಮನೆಯ ಪಕ್ಕ ಬಿಸಿಲು ಬೀಳುವ ಸಮತಟ್ಟು ಜಾಗ ಒಂದೇ ಇತ್ತು. ಅದನ್ನು ತೋರಿಸಿದೆ.

"ಅದು ನೀನು ವಾಪಸ್ ಬಂದಾಗ ಮನೆ ಕಟ್ಟಲಿಕ್ಕೆ ಅಂತ ಅಪ್ಪ ಬಿಟ್ಟ ಜಾಗ."

"ಗೊತ್ತು."

ಅಣ್ಣ ನನ್ನ ಮುಖ ನೋಡಿದ. ವಾಪಸ್ ಬರುತ್ತೇನೆಂದು ನಾನು ಪ್ರತಿ ದೀಪಾವಳಿಗೂ ಹೇಳುತ್ತಿದ್ದೆ. ಈ ಸಲ ನಾನು ಹೇಳಲಿಲ್ಲ, ಅವನೂ ಕೇಳಲಿಲ್ಲ.

ಸೋಮವಾರ ಜೆಸಿಬಿ ಬಂದು, ಅಪ್ಪ ಬಿಟ್ಟಿದ್ದ ಜಾಗದ ಗಿಡಗಂಟಿ ಕಿತ್ತು ಹದ ಮಾಡಿತು. ಮೊನ್ನೆ ಅಣ್ಣ ಹೊಸ ಕಣದ ಫೋಟೋ ಕಳಿಸಿದ್ದ. ಮುಂದೆ ಹರಡಿದ ಕಾಫಿ, ಹಿಂದೆ ಕಡಂಗದ ಏರಿ. ಆಫೀಸಿನ ಗೆಳೆಯರಿಗೆ ತೋರಿಸಿದೆ.

"ಯಾರ ಕಾಲದ್ದು?" ಎಂದರು.

"ಗೊತ್ತಿಲ್ಲ," ಎಂದೆ. ಹಾಗೆನ್ನಲು ನಾಚಿಕೆಯಾಗಲಿಲ್ಲ.